ಬಾಕಿ ಹದಿನಾರು ಮೀಟರ್

ಮಲ್ಪೆ ದಕ್ಕೆಯಲ್ಲಿ ಬೆಳಗ್ಗೆ ಐದೂವರೆಗೆ
ಗುಂಡಿ ಒತ್ತಿದರೆ ಯಂತ್ರ ತೋರಿಸಿತು:
ಸಮುದ್ರಮಟ್ಟಕ್ಕಿಂತ ಒಂಬತ್ತು ಮೀಟರ್ ಕೆಳಗೆ.
ನನ್ನ ಕಾಲು ಒದ್ದೆಯಾಗಿರಲಿಲ್ಲ.
ಬುಟ್ಟಿ ಹೊತ್ತವರು ಬಳಸಿಕೊಂಡು ಹೋದರು,
ಮುಳುಗಿದವಳನ್ನು ಅಲ್ಲ,
ದಾರಿಗೆ ಅಡ್ಡ ನಿಂತವಳನ್ನು, ಗೊಣಗುತ್ತ.

ಕಲ್ಮಾಡಿ, ಆದಿಉಡುಪಿ, ಕಲ್ಸಂಕ, ಕಡಿಯಾಳಿ,
ಇಂದ್ರಾಳಿಯಲ್ಲಿ ರೈಲಿನ ಮೇಲ್ಸೇತುವೆ.
ಸೇತುವೆ ಇರುವುದು ಆಪಿನ ನಕ್ಷೆಗೆ ಗೊತ್ತಿಲ್ಲ.
ಅದು ನನ್ನನ್ನು ಹಳಿಯವರೆಗೆ ಇಳಿಸಿ
ಸೈಕಲ್ ಸಮೇತ ಮತ್ತೆ ಮೇಲಕ್ಕೆ ಹತ್ತಿಸಿತು.
ಆ ಹೊತ್ತಿಗೆ ನಾನು ಮಣಿಪಾಲದ ಏರಿನಲ್ಲಿ
ಉಸಿರು ಹುಡುಕುತ್ತಿದ್ದೆ.

ಮೂವರು ಹೋದದ್ದು ಒಂದೇ ದಾರಿ.
ಹರಿಣಾಕ್ಷನ ಫೋನಿನಲ್ಲಿ ಮುನ್ನೂರ ಎರಡು,
ವಿಲ್ಮಾಳ ಗಡಿಯಾರದಲ್ಲಿ ನೂರ ಎಪ್ಪತ್ತಾರು,
ನನ್ನದರಲ್ಲಿ ಇನ್ನೂರ ಹದಿನಾಲ್ಕು.
ಹರಿಣಾಕ್ಷ ಎಲ್ಲರಿಗೂ ಚಹಾ ಹೇಳಿದ,
ಗೆದ್ದವನ ಮುಖದಲ್ಲಿ.

ಪರ್ಕಳದ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ
ಕೂತಲ್ಲೇ ಹನ್ನೊಂದು ಮೀಟರ್ ಏರಿದೆ.
ಮೇ ಕೊನೆ, ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು.
ಗಾಳಿಯ ಭಾರ ಇಳಿದದ್ದನ್ನು
ನಾನು ಏರಿದ್ದೆಂದು ಯಂತ್ರ ಬರೆದುಕೊಂಡಿತು.
ಇಂಥ ಬಡ್ತಿ ನಮ್ಮ ಬ್ಯಾಂಕಿನಲ್ಲೂ ನೋಡಿದ್ದೇನೆ.

ನಾನು ಸಹಕಾರಿ ಬ್ಯಾಂಕಿನ ಕ್ಯಾಶಿಯರ್.
ಹೊರಟ ಜಾಗಕ್ಕೇ ತಿರುಗಿ ಬಂದ ಮೇಲೆ
ಹತ್ತಿದ್ದು ಇನ್ನೂರ ಹದಿನಾಲ್ಕು,
ಇಳಿದದ್ದು ನೂರ ತೊಂಬತ್ತೆಂಟು
ಅಂದರೆ ನಿದ್ದೆ ಎಲ್ಲಿಂದ ಬರಬೇಕು?
ಹತ್ತು ರೂಪಾಯಿ ಕಮ್ಮಿ ಬಿದ್ದರೆ
ರಾತ್ರಿ ಎಂಟಾದರೂ ನಮ್ಮಲ್ಲಿ ಬೀಗ ಹಾಕುವುದಿಲ್ಲ.
ಬಾಕಿ ಹದಿನಾರು ಮೀಟರ್
ಎಲ್ಲೋ ಮೇಲೆಯೇ ಉಳಿದಿದ್ದೇನೆ.
ಕೌಂಟರಿನಲ್ಲಿ ಕೂತವಳು ಯಾರು ಹಾಗಾದರೆ?

ಪೊಡಿಮೋನು ಬ್ಯಾರಿಗಳಿಗೆ ಹೇಳಿದೆ. ನಕ್ಕರು.
ಮೂವತ್ತೊಂದು ವರ್ಷ ಮಲ್ಪೆಯಿಂದ ಪರ್ಕಳಕ್ಕೆ
ಸೈಕಲಿನಲ್ಲಿ ಮೀನು ಹೊತ್ತವರು.
ಕ್ಯಾರಿಯರಿನ ಐಸ್ ಪೆಟ್ಟಿಗೆಗೆ ಎರಡು ತೂತು,
ಹಿಂದೊಂದು, ಮುಂದೊಂದು.
"ಹಿಂದೆ ಸೋರಿದರೆ ಏರು,
ಮುಂದೆ ಸೋರಿ ನನ್ನ ಚಡ್ಡಿ ಚಂಡಿಯಾದರೆ ಇಳುಕಲು.
ಇದಕ್ಕೆ ಎಂತ ಯಂತ್ರ ಮಾರಾಯ್ರೆ?"
ಕುಂಜಿಬೆಟ್ಟಿನ ಮೊದಲು ಸಮತಟ್ಟು ಎಂದಿತ್ತು ಆಪ್.
ಅವರ ಹಿಂದೆ ಹೋಗಿ ನೋಡಿದೆ.
ಡಾಮರಿನ ಮೇಲೆ ತೊಟ್ಟು ತೊಟ್ಟಾಗಿ,
ಬಂಗುಡೆಯ ವಾಸನೆಯ ಒಂದು ಸಾಲು,
ಪೂರಾ ಹಿಂದಿನ ತೂತಿನದು.

ಎಷ್ಟು ಮೀಟರ್ ಅಂತ ಆ ಸಾಲು ಹೇಳುವುದಿಲ್ಲ.
ಅವರಿಗೆ ಅದು ಬೇಕಾಗಿಯೂ ಇಲ್ಲ.
ಎಲ್ಲಿ ಇಳಿದು ತಳ್ಳಬೇಕೋ
ಆ ಹಲಸಿನ ಮರ ಗೊತ್ತುಂಟು.
ಈಚೆಗೆ ಎರಡು ಮರ ಮೊದಲೇ ಇಳಿಯುತ್ತಾರೆ.
ಗುಡ್ಡ ಬೆಳೆದಿದೆ ಎನ್ನುತ್ತಾರೆ.

ತಿರುಗಿ ಬರುವಾಗ ಕಲ್ಮಾಡಿ ಹೊಳೆಬದಿಯ ಅವರ ಮನೆ.
"ನಮ್ಮದು ಎಷ್ಟು ಎತ್ತರ, ಒಮ್ಮೆ ನೋಡಿ" ಎಂದರು.
ಹೊಸ್ತಿಲಲ್ಲಿ ಹಿಡಿದೆ. ಮೈನಸ್ ಎರಡು.
ಯಂತ್ರದ್ದು ತಪ್ಪು, ತೂತಿಗೆ ಬೆವರು ಹೋಗಿರಬೇಕು
ಎಂದು ಬಾಯಿ ತೆರೆಯುವುದರೊಳಗೆ
"ಇದು ಮಾತ್ರ ಸರಿ ತೋರಿಸ್ತದೆ" ಎಂದರು.
ಒಳಗೆ ಸುಣ್ಣದ ಗೋಡೆಯಲ್ಲಿ
ಮೊಣಕಾಲಿನ ಎತ್ತರಕ್ಕೆ ಕಂದು ಗೆರೆ,
ಹೋದ ಆಟಿಯ ನೀರು ಎಳೆದದ್ದು,
ಈ ಮೂಲೆಯಿಂದ ಆ ಮೂಲೆಗೆ ಒಂದು ಕೂದಲೂ ಓರೆಯಿಲ್ಲ.
ಗೆರೆಯಿಂದ ಗೇಣು ಮೇಲೆ ಒಂದು ಮೊಳೆ.
ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲ,
ಐಸಮ್ಮನ ಮಾತ್ರೆ, ರೇಷನ್ ಕಾರ್ಡು,
ಮೊಮ್ಮಗಳ ಏಳನೇ ತರಗತಿಯ ಪುಸ್ತಕ.

ಈ ಜಾಗದ ನಿಜವಾದ ಎತ್ತರ ಬರೆಯಿರಿ,
ಇನ್ನು ಮುಂದೆ ತಪ್ಪುವುದಿಲ್ಲ, ಎಂದಿತು ಯಂತ್ರ.
ಎಷ್ಟು ಬರೆಯಲಿ ಎಂದು ಕೇಳಿದೆ.

"ನೆಲದ್ದಾ, ಮೊಳೆಯದ್ದಾ?"
ಎಂದರು ಪೊಡಿಮೋನು.